ಕಡಲಿಂದ ತಂದ ಕಬ್ಬಿಣ ಬೆವರುತ್ತದೆ

ಹೊನ್ನಾವರದ ಹತ್ತಿರದ ಒಂದು ಕಡಲತೀರದಲ್ಲಿ, ಮಳೆಗಾಲ ಹಿಂದೆ ಸರಿಯುತ್ತಿದ್ದ ದಿನಗಳಲ್ಲಿ, ನನಗೊಂದು ಕಬ್ಬಿಣದ ಕೊಂಡಿ ಸಿಕ್ಕಿತ್ತು. ಅಂಗೈಯಗಲ, ಹೆಬ್ಬೆರಳು ದಪ್ಪ, ಮೈತುಂಬ ತುಕ್ಕು. ಲಂಗರಿನ ಸರಪಳಿಯದ್ದೋ, ದೋಣಿ ಕಟ್ಟುವ ಗೂಟದ್ದೋ ಇರಬೇಕು. ಬೆಂಗಳೂರಿನ ವೈಯಾಲಿಕಾವಲ್‌ನ ಮನೆಗೆ ತಂದವನೇ ತಾರಸಿಯ ಮೇಲೆ ಕೂತು ತಂತಿ ಬ್ರಷ್ಷಿನಲ್ಲಿ ಎರಡು ಗಂಟೆ ಉಜ್ಜಿದೆ. ಕಪ್ಪಗೆ ಮಿರಮಿರ ಮಿಂಚಿತು. ಕೊಬ್ಬರಿ ಎಣ್ಣೆ ಸವರಿ, ಶೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳ ಪಕ್ಕ ಇಟ್ಟು, ಬಂದವರಿಗೆಲ್ಲ ತೋರಿಸಿದ್ದೂ ಆಯಿತು.

ಮುಂದಿನ ಆಷಾಢದಲ್ಲಿ ಅದು ಬೆವರಿತು. ಎಣ್ಣೆಯ ಪದರದ ಕೆಳಗಿಂದ ಸಾಸಿವೆ ಕಾಳಿನಷ್ಟು ದಪ್ಪದ ಕಿತ್ತಳೆ ಬಣ್ಣದ ಹನಿಗಳು ಎದ್ದು ನಿಂತಿದ್ದವು. ಒರೆಸಿದೆ, ಮತ್ತೆ ಬಂದವು. ದೀಪಾವಳಿಗೆ ಶೋಕೇಸ್ ಸ್ವಚ್ಛ ಮಾಡಲು ಕೈಗೆತ್ತಿಕೊಂಡರೆ ಚಿರೋಟಿಯ ಹಾಗೆ ಎಳೆ ಎಳೆಯಾಗಿ ಬಿಚ್ಚಿಕೊಂಡು ಅರ್ಧ ನನ್ನ ಕೈಯಲ್ಲಿ, ಅರ್ಧ ಗೊಂಬೆಗಳ ತಲೆಯ ಮೇಲೆ. ಉಪ್ಪುನೀರಿನಲ್ಲಿ ಅಷ್ಟು ಕಾಲ ಇದ್ದದ್ದು ಸಮುದ್ರದಿಂದ 900 ಮೀಟರ್ ಎತ್ತರದ ಊರಿನಲ್ಲಿ, ಗಾಜಿನ ಬಾಗಿಲ ಹಿಂದೆ, ಒಂದು ವರ್ಷ ತಾಳಲಿಲ್ಲ.

ನಾನು ತಪ್ಪು ಮಾಡಿದ್ದು ಉಜ್ಜುವುದರಲ್ಲಿ ಅಂದುಕೊಂಡಿದ್ದೆ. ಉಜ್ಜಿದ್ದೂ ತಪ್ಪೇ, ಆದರೆ ಕೊಂದದ್ದು ಅದಲ್ಲ. ಕೊಂಡಿಯ ಒಳಗಿದ್ದ ಉಪ್ಪನ್ನು ತೆಗೆಯದೆ ಒಣಗಲು ಬಿಟ್ಟೆನಲ್ಲ, ಅದು.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ; ಅದರಲ್ಲಿ 19 ಗ್ರಾಂನಷ್ಟು ಕ್ಲೋರೈಡ್. ಕಬ್ಬಿಣ ಅದರಲ್ಲಿ ಕೂತು ಸವೆಯುತ್ತಿರುವಾಗ ಈ ಕ್ಲೋರೈಡ್ ತುಕ್ಕಿನ ಪದರಗಳ ಮೂಲಕ ಒಳಕ್ಕೆ ಇಳಿದು, ತುಕ್ಕಿಗೂ ಉಳಿದ ಲೋಹಕ್ಕೂ ನಡುವಿನ ಸಂದಿಯಲ್ಲಿ ಗುಂಪುಗೂಡುತ್ತದೆ. ಮರಳಿನಡಿ ಆಮ್ಲಜನಕ ಕಡಿಮೆ. ಹಾಗಾಗಿ ಅಲ್ಲಿ ಕೆಲಸ ನಿಧಾನ. ಮೇಲೆತ್ತಿ ಒಣಗಿಸಿದಿರೋ, ಪದರಗಳು ಬಿರಿದು ಗಾಳಿ ಒಳಗೆ ನುಗ್ಗುತ್ತದೆ. ಕಬ್ಬಿಣದ ಕ್ಲೋರೈಡ್ ಗಾಳಿಯ ತೇವವನ್ನು ಹೀರಿ ನೀರಾಗುತ್ತದೆ (ಆ ಬೆವರು ಇದೇ), ಆಮ್ಲಜನಕ ಸೇರಿ ತುಕ್ಕಾಗುತ್ತದೆ, ತುಕ್ಕಾಗುವಾಗ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಟ್ಟುಕೊಡುತ್ತದೆ, ಆ ಆಮ್ಲ ಪಕ್ಕದ ಹೊಸ ಕಬ್ಬಿಣವನ್ನು ತಿಂದು ಮತ್ತೆ ಕ್ಲೋರೈಡ್ ಆಗುತ್ತದೆ. ಉಪ್ಪು ಖರ್ಚಾಗುವುದೇ ಇಲ್ಲ. ಅಸಲು ಹಾಗೇ ಇಟ್ಟುಕೊಂಡು ಬಡ್ಡಿ ವಸೂಲು ಮಾಡುವ ಲೇವಾದೇವಿಯ ಹಾಗೆ, ಲೋಹ ಮುಗಿಯುವವರೆಗೂ ಬಿಡುವುದಿಲ್ಲ. ತುಕ್ಕು ಕಬ್ಬಿಣಕ್ಕಿಂತ ಬಹಳ ಹೆಚ್ಚು ಜಾಗ ಕೇಳುವುದರಿಂದ ಒಳಗೆ ಹುಟ್ಟಿದ ತುಕ್ಕು ಮೇಲಿನ ಪದರವನ್ನು ಹೆಕ್ಕಳಿಕೆಯಾಗಿ ಎಬ್ಬಿಸುತ್ತದೆ.

ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಇದೇ ಆಟವನ್ನು ಗೋಡೆಗಳ ಮೇಲೆ ನೋಡಬಹುದು. ನೆಲದಿಂದ ಮೊಣಕಾಲೆತ್ತರದವರೆಗೆ ಉಪ್ಪು ಹಿಡಿದ ಗೋಡೆಗೆ ಎಷ್ಟು ಬಾರಿ ಪೇಂಟ್ ಹೊಡೆದರೂ ಮುಂದಿನ ಮಳೆಗೆ ಪರೆ ಪರೆ ಎದ್ದು ಉದುರುತ್ತದೆ. ತುಕ್ಕು ಹಿಡಿದ ಕಡಲ ಕಬ್ಬಿಣಕ್ಕೆ ಎಣ್ಣೆ, ವಾರ್ನಿಷ್ ಬಳಿಯುವುದೂ ಅಷ್ಟೇ. ಉಪ್ಪನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗೆ.

ಉಪ್ಪಿಲ್ಲದ ಕಡೆ ಕಬ್ಬಿಣದ ಹಣೆಬರಹ ಬೇರೆ. 2018ರ ಜುಲೈನಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಪಾಳುಬಾವಿಯೊಂದರ ಕೆಸರಿನಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಹೊರಬಂದವು. 23ರಿಂದ 26 ಸೆಂಟಿಮೀಟರ್ ಉದ್ದದ ಕೊಳವೆಗಳು; ತುಕ್ಕು ಹಿಡಿದಿದ್ದರೂ ಎಣಿಸಲು, ಅಳೆಯಲು ಆಗುವಷ್ಟು ಆಕಾರ ಉಳಿದಿತ್ತು. ಮಲೆನಾಡಿನ ಬಾವಿಯ ನೀರು ಅದು. ಇನ್ನು ಕೊಡಚಾದ್ರಿಯ ಮೇಲಿನ ಮೂಲ ಮೂಕಾಂಬಿಕೆಯ ಗುಡಿಯ ಮುಂದಿನ ಕಬ್ಬಿಣದ ಕಂಬವಂತೂ ಘಟ್ಟದ ಮಳೆಯನ್ನೆಲ್ಲ ತಲೆಯ ಮೇಲೆ ಸುರಿಸಿಕೊಂಡು ನಿಂತೇ ಇದೆ. ಲೋಹವಿಜ್ಞಾನಿ ಟಿ.ಆರ್. ಅನಂತರಾಮನ್ ಅದನ್ನು ಅಧ್ಯಯನ ಮಾಡಿದ್ದರು. ಮಳೆ ತೊಳೆಯುತ್ತದೆ, ಬಿಸಿಲು ಒಣಗಿಸುತ್ತದೆ; ಉಪ್ಪು ಒಳಗೆ ಕೂರಲು ಅಲ್ಲಿ ಅವಕಾಶವಿಲ್ಲ.

ಈಗ ಕೆಲಸಕ್ಕೆ ಬರುತ್ತೇನೆ. ಮೊನ್ನೆ ಅಕ್ಟೋಬರಿನಲ್ಲಿ ತಂಗಿ ಮಗ ಕುಮಟಾದ ಕಡೆಯಿಂದ ಎರಡು ವಸ್ತು ತಂದ. ಒಂದು, ಮರಳು, ಚಿಪ್ಪು, ತುಕ್ಕು ಎಲ್ಲ ಸೇರಿ ಗಟ್ಟಿಯಾದ ಗೇಣುದ್ದದ ಮುದ್ದೆ. ಇನ್ನೊಂದು, ಹಸಿರುಗಟ್ಟಿದ ಪುಟ್ಟ ಬಿಲ್ಲೆ. "ಮಾಮ, ಇದು ಹಡಗಿಂದೇ ಇರ್ಬೇಕು" ಅಂದ. ಪುಣ್ಯಕ್ಕೆ ನಾನು ಫೋನಿನಲ್ಲಿ ಹೇಳಿದ್ದನ್ನು ಕೇಳಿ ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಅಲ್ಲಿನ ನೀರಲ್ಲೇ ಮುಳುಗಿಸಿ ತಂದಿದ್ದ.

ಮೊದಲ ಪಾಠ ಇದು: ಒದ್ದೆಯಾಗಿ ಸಿಕ್ಕದ್ದು ಒದ್ದೆಯಾಗೇ ಇರಬೇಕು. ದಡದಲ್ಲಿ ಬಿಸಿಲಿಗೆ ಹರವಿ ಫೋಟೋ ತೆಗೆಯುವ ಅರ್ಧ ಗಂಟೆಯಲ್ಲೇ ಹಾನಿ ಶುರು. ಸಮುದ್ರದ ನೀರಾದರೂ ಪರವಾಗಿಲ್ಲ, ಮುಳುಗಿದ್ದರೆ ಸಾಕು. ಮನೆ ತಲುಪಿದ ಮೇಲೆ ಬದಲಾಯಿಸಬಹುದು. ಕಬ್ಬಿಣವನ್ನೂ ತಾಮ್ರ, ಹಿತ್ತಾಳೆಯನ್ನೂ ಒಂದೇ ಡಬ್ಬಿಯಲ್ಲಿ ಹಾಕಬಾರದು. ಉಪ್ಪುನೀರಿನಲ್ಲಿ ಎರಡು ಲೋಹ ತಾಗಿದರೆ ಅದೊಂದು ಬ್ಯಾಟರಿ, ಸವೆಯುವುದು ಕಬ್ಬಿಣ.

ದಡದಲ್ಲೇ ತೀರ್ಮಾನಿಸಬೇಕಾದ ಇನ್ನೆರಡು ಸಂಗತಿಗಳಿವೆ. ಗುಂಡು, ಶೆಲ್ಲು, ಕೊಳವೆಯಾಕಾರದ ಏನೇ ಇದ್ದರೂ ಮುಟ್ಟದೆ 112ಕ್ಕೆ ಫೋನ್ ಮಾಡಿ. ತುಕ್ಕು ಹಿಡಿದ ಮಾತ್ರಕ್ಕೆ ಮದ್ದು ಸತ್ತಿರುವುದಿಲ್ಲ. ಇನ್ನೊಂದು ಕಾನೂನು. ನಮ್ಮ ಕರಾವಳಿ ಖಾಲಿ ದಡವಲ್ಲ. 1665ರಲ್ಲಿ ಶಿವಾಜಿಯ ಹಡಗುಗಳು ಬಸರೂರಿಗೆ ಬಂದಿದ್ದವು. ಮಿರ್ಜಾನ್ ಕೋಟೆಯಲ್ಲಿ 2000-01ರ ಉತ್ಖನನದಲ್ಲಿ ಪೋರ್ಚುಗೀಸರ ಚಿನ್ನದ ನಾಣ್ಯ, ಫಿರಂಗಿ ಗುಂಡುಗಳು, ಚೀನಾ ಪಿಂಗಾಣಿ ಸಿಕ್ಕವು. ಕಡಲ್ಕೊರೆತಕ್ಕೆ ಮರಳು ಸರಿದಾಗ ಇಂಥದ್ದು ಯಾರ ಕಾಲಿಗಾದರೂ ಎಡತಾಕಬಹುದು. ನೆಲದಲ್ಲಿ ಹುದುಗಿದ್ದು, ಬೆಲೆಯುಳ್ಳದ್ದು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾಯ್ದೆ ಹೇಳುತ್ತದೆ. ನೂರು ವರ್ಷ ದಾಟಿದ್ದು 1972ರ ಕಾಯ್ದೆಯ ಲೆಕ್ಕದಲ್ಲಿ ಪುರಾತನ ವಸ್ತು. ಹಡಗಿನ ಅವಶೇಷದಂತೆ ಕಂಡರೆ ಎತ್ತುವುದೇ ಬೇಡ. ಜಾಗ ಗುರುತು ಮಾಡಿ, ಫೋಟೋ ತೆಗೆದು ತಿಳಿಸಿ. ಸಿಕ್ಕ ಜಾಗ ತಪ್ಪಿದ ವಸ್ತು ಪುರಾತತ್ವದವರ ಕಣ್ಣಿಗೆ ಅರ್ಧ ಗುಜರಿ. ನಾನು ಇಲ್ಲಿ ಹೇಳುವುದೆಲ್ಲ ಮೀನುಗಾರಿಕೆಯ ಮೊಳೆ, ಕೊಂಡಿ, ಬೀಗ, ನಿನ್ನೆ ಮೊನ್ನೆಯ ನಾಣ್ಯಗಳಂಥ ಸಾಮಾನ್ಯರ ವಸ್ತುಗಳ ಬಗ್ಗೆ.

ಮುದ್ದೆಗೆ ಅಯಸ್ಕಾಂತ ಹಿಡಿದೆವು. ಕಚ್ಚಿಕೊಂಡಿತು, ಆದರೆ ಸಡಿಲವಾಗಿ. ಒಳಗೆ ಲೋಹ ಉಳಿದಿದೆ ಎನ್ನುವುದಕ್ಕೆ ಅದು ಸುಳಿವು ಮಾತ್ರ. ಕೆಲವು ಬಗೆಯ ತುಕ್ಕು ಕೂಡ ಅಯಸ್ಕಾಂತಕ್ಕೆ ಅಂಟುತ್ತದೆ. ಮೊದಲು ಹೊರಚಿಪ್ಪು ಬಿಡಿಸಬೇಕು. ಇಲ್ಲಿ ಬಚ್ಚಲು ತೊಳೆಯುವ ಆ್ಯಸಿಡ್ ಸುರಿಯುವವರಿದ್ದಾರೆ. ಸುಣ್ಣದ ಚಿಪ್ಪು ಬುರಬುರ ಕರಗುತ್ತದೆ, ನೋಡಲು ಮಜವಾಗಿರುತ್ತದೆ. ಆದರೆ ಆ ಆ್ಯಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಮ್ಲ. ಯಾವ ಕ್ಲೋರೈಡನ್ನು ಹೊರಗೆ ಹಾಕಲು ತಿಂಗಳುಗಟ್ಟಲೆ ಒದ್ದಾಡುತ್ತೇವೋ ಅದನ್ನೇ ಬಾಟಲಿಗಟ್ಟಲೆ ಒಳಗೆ ತುಂಬಿದಂತೆ. ನಾವು ಮಾಡಿದ್ದು ಇಷ್ಟೇ: ಒದ್ದೆ ಗೋಣಿಚೀಲದ ಮೇಲೆ ಮುದ್ದೆಯಿಟ್ಟು, ಸಣ್ಣ ಸುತ್ತಿಗೆಯಲ್ಲಿ, ಬಾದಾಮಿ ಒಡೆಯುವಷ್ಟೇ ಬಲದಲ್ಲಿ, ತಿರುಗಿಸುತ್ತಾ ತಟ್ಟುವುದು. ಚಿಪ್ಪಿಗೂ ವಸ್ತುವಿಗೂ ನಡುವೆ ಸಂದಿ ಇರುತ್ತದೆ, ಸರಿಯಾದ ಕಡೆ ತಟ್ಟಿದರೆ ದನಿ ಬದಲಾಗುತ್ತದೆ. ಟಣ್ ಅನ್ನುವುದು ಟಪ್ ಅನ್ನತೊಡಗಿದ ಕಡೆ ಒಂದು ಚಕ್ಕೆ ಎದ್ದಿತು. ಉಳಿದದ್ದನ್ನು ಬಿದಿರು ಕಡ್ಡಿಯಲ್ಲೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲೂ ಎರಡು ಭಾನುವಾರ ಬಿಡಿಸಿದೆವು. ನಡುನಡುವೆ ನೀರು ಚಿಮುಕಿಸುತ್ತಲೇ ಇರಬೇಕು.

ಒಳಗಿದ್ದದ್ದು ಮೊಳೆ. ಚೌಕ ಮೈ, ಬಡಿದು ಚಪ್ಪಟೆ ಮಾಡಿದ ತಲೆ, ತುದಿ ಒಂದು ಕಡೆ ಬಾಗಿದೆ. ಮಚವೆಯಂಥ ಮರದ ದೋಣಿಯ ಹಲಗೆ ಬಿಗಿದದ್ದಿರಬೇಕು. ಮೇಲ್ಮೈ ನೋಡಿದರೆ ಲೋಹದ ಹಾಗಿಲ್ಲ, ಹೊನ್ನೆ ಮರದ ತುಂಡಿನ ಹಾಗೆ ಉದ್ದುದ್ದ ಎಳೆಗಳು. ಕುಲುಮೆಯಲ್ಲಿ ಬಡಿದ ಕಬ್ಬಿಣದ ಗುರುತು ಅದು: ಒಳಗೆ ಸಿಕ್ಕಿಕೊಂಡ ಕಿಟ್ಟ ಬಡಿದಾಗ ಎಳೆಯಾಗಿ ಚಾಚಿರುತ್ತದೆ, ಸುತ್ತಲಿನ ಕಬ್ಬಿಣ ಮೊದಲು ಸವೆದು ಎಳೆ ಎದ್ದು ಕಾಣುತ್ತದೆ. ಎರಕದ ಕಬ್ಬಿಣ ಬೇರೆ ಥರ ಮೋಸ ಮಾಡುತ್ತದೆ. ಅದರೊಳಗಿನ ಗ್ರಾಫೈಟ್ ಹಾಗೇ ಉಳಿದು ಕಬ್ಬಿಣ ಮಾತ್ರ ಕರಗಿಹೋಗಿರುತ್ತದೆ. ಆಕಾರ, ಅಂಚು, ಅಕ್ಷರ ಎಲ್ಲ ಸರಿಯಿದ್ದು ಚಾಕು ತಾಗಿಸಿದರೆ ಪೆನ್ಸಿಲ್ಲಿನ ಸೀಸದ ಹಾಗೆ ಹೆರೆದು ಬರುತ್ತದೆ.

ಒಳಗೆ ಲೋಹ ಎಷ್ಟು ಉಳಿದಿದೆ ಎಂದು ತಿಳಿಯಲು ದೊಡ್ಡ ಸಂಸ್ಥೆಗಳು ಎಕ್ಸ್‌ರೇ ತೆಗೆಯುತ್ತವೆ. ನಮಗೆ ಅಡುಗೆಮನೆಯ ತಕ್ಕಡಿ, ಗುರುತಿರುವ ಅಳತೆ ಜಗ್ ಸಾಕು. ಮೊಳೆ ತೂಗಿದರೆ 214 ಗ್ರಾಂ. ಜಗ್ಗಿನಲ್ಲಿ ಮುಳುಗಿಸಿದರೆ ನೀರು ಏರಿದ್ದು 40 ಮಿಲಿಲೀಟರ್. ಭಾಗಿಸಿದರೆ ಮಿಲಿಗೆ ಐದು ಗ್ರಾಂ ಚಿಲ್ಲರೆ. ಗಟ್ಟಿ ಕಬ್ಬಿಣವಾಗಿದ್ದರೆ 7.8 ಬರಬೇಕು, ಬರೀ ತುಕ್ಕಾಗಿದ್ದರೆ ನಾಲ್ಕರ ಆಸುಪಾಸು. ಅಂದರೆ ಒಳಗೊಂದು ತಿರುಳು ಇದೆ. ಆರ್ಕಿಮಿಡೀಸ್ ಪಾಠವನ್ನು ಎಂಟನೇ ಕ್ಲಾಸಿನಲ್ಲಿ ಉರು ಹೊಡೆದಿದ್ದ ಹುಡುಗನಿಗೆ ಅದು ಒಂದು ಕೆಲಸಕ್ಕೆ ಬಂದದ್ದು ಅವತ್ತೇ.

ಇನ್ನು ಉಪ್ಪು ಬಿಡಿಸುವುದು. ಬರೀ ನೀರಿನಲ್ಲಿ ನೆನೆಸಿದರೆ ಉಪ್ಪು ಬರುತ್ತದೆ, ಜೊತೆಗೆ ಹೊಸ ತುಕ್ಕೂ ಬರುತ್ತದೆ. ಅದಕ್ಕೇ ಕ್ಷಾರ ಬೇಕು. ಕ್ಷಾರದ ನೀರಿನಲ್ಲಿ ಕಬ್ಬಿಣ ತುಕ್ಕು ಹಿಡಿಯದೆ ಸುಮ್ಮನಿರುತ್ತದೆ, ಒಳಗಿನ ಕ್ಲೋರೈಡ್ ಜಾಗ ಬಿಟ್ಟು ಹೊರಗೆ ಬರುತ್ತದೆ. ಪ್ರಯೋಗಶಾಲೆಗಳಲ್ಲಿ ಕಾಸ್ಟಿಕ್ ಸೋಡಾ ಬಳಸುತ್ತಾರೆ. ಕಣ್ಣು, ಚರ್ಮ ಸುಡುವ ಅದು ಮಕ್ಕಳಿರುವ ಮನೆಗೆ ಬೇಡ. ವಾಷಿಂಗ್ ಸೋಡಾ ಸಾಕು. ಲೀಟರಿಗೆ 50 ಗ್ರಾಂ. ಪುಡಿಯ ಸೋಡಾ ಆದರೆ ಈ ಲೆಕ್ಕ. ಕಲ್ಲುಸಕ್ಕರೆಯಂಥ ಹರಳಿನ ಸೋಡಾದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ ಎರಡೂಮುಕ್ಕಾಲು ಪಟ್ಟು ಹಾಕಬೇಕು. ಅಡುಗೆ ಸೋಡಾ ಬೇರೆ, ಇದು ಬೇರೆ. ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್, ರಬ್ಬರ್ ಗ್ಲೌಸು, ಬಕೆಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ 'ಸೋಡಾ ನೀರು, ಮುಟ್ಟಬೇಡಿ, ಅಮ್ಮ'. ಕೊನೆಯ ಪದ ಯಾಕೆಂದರೆ, ನಮ್ಮ ಅಮ್ಮ ಒಮ್ಮೆ ಅದನ್ನು ಗಿಡಕ್ಕೆ ಹಾಕಿದ್ದರು. ಡೆಂಗಿ ಲಾರ್ವಾ ನೋಡಲು ಮನೆ ಮನೆಗೆ ಬರುವ ಹುಡುಗಿ ಮುಚ್ಚಳ ತೆಗೆದು, "ಸರ್, ಮೊಳೆ ಯಾಕೆ ಉಪ್ಪಿನಕಾಯಿ ಹಾಕಿದೀರಾ?" ಅಂದಳು. ಉಪ್ಪು ತೆಗೀತಾ ಇದೀನಮ್ಮ ಅಂದೆ. ನಂಬಿದಳೋ ಇಲ್ಲವೋ.

ಹದಿನೈದು ದಿನಕ್ಕೊಮ್ಮೆ ನೀರು ಬದಲಿಸಬೇಕು. ಗೇಣುದ್ದದ ಮೊಳೆಗೆ ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಇದು ಅತಿಯಾಯಿತು ಅನ್ನಿಸಿದರೆ ದೊಡ್ಡವರ ಕಡೆ ನೋಡಿ. ಅಮೆರಿಕದ ಅಂತರ್ಯುದ್ಧದ ಹನ್ಲಿ ಎಂಬ ಜಲಾಂತರ್ಗಾಮಿಯನ್ನು ಸಮುದ್ರದಿಂದ ಎತ್ತಿದ್ದು 2000ರಲ್ಲಿ. ಅದನ್ನು ಕಾಸ್ಟಿಕ್ ದ್ರಾವಣದಲ್ಲಿ ಮುಳುಗಿಸಿದ್ದು 2014ರಲ್ಲಿ, ಆಮೇಲೂ ವರ್ಷಗಟ್ಟಲೆ ನೆನೆಯಿತು. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಿಂದ ಸಾವಿರಕ್ಕೂ ಹೆಚ್ಚು ಫಿರಂಗಿ ಗುಂಡುಗಳು ಸಿಕ್ಕವು. ಬೇರೆ ಬೇರೆ ವಿಧಾನದಲ್ಲಿ ಸಂಸ್ಕರಿಸಿ ಮ್ಯೂಸಿಯಮ್ಮಿನಲ್ಲಿಟ್ಟ ಮೇಲೂ ಕೆಲವು ಬಿರುಕು ಬಿಟ್ಟಿವೆ. ಯಾಕೆಂದು ತಿಳಿಯಲು ಅವುಗಳ ಚೂರುಗಳನ್ನು ಸಿಂಕ್ರೊಟ್ರಾನ್ ಎಕ್ಸ್‌ರೇಗೆ ಒಡ್ಡಿ ನೋಡಿದರೆ, ಮತ್ತೆ ಅದೇ ಕ್ಲೋರೈಡ್.

ಉಪ್ಪು ಮುಗಿಯಿತೆಂದು ಗೊತ್ತಾಗುವುದು ಹೇಗೆ? ಪಿಯುಸಿಯಲ್ಲಿ ಸೈನ್ಸ್ ಓದಿದವರಿಗೆ ಇದು ಗೊತ್ತು, ಮರೆತಿರುತ್ತಾರೆ ಅಷ್ಟೆ. ಲವಣ ವಿಶ್ಲೇಷಣೆಯ ಪ್ರಾಕ್ಟಿಕಲ್‌ನಲ್ಲಿ ಸಿಲ್ವರ್ ನೈಟ್ರೇಟ್ ಹನಿ ಬಿಟ್ಟಾಗ ಮೊಸರಿನಂಥ ಬಿಳಿ ಕೂಡುತ್ತಿತ್ತಲ್ಲ, ಅದೇ ಕ್ಲೋರೈಡ್ ಪರೀಕ್ಷೆ. ಸೋಡಾ ನೀರನ್ನು ಮೊದಲು ನೈಟ್ರಿಕ್ ಆಮ್ಲದಿಂದ ಹುಳಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಬೇರೇನೋ ಕೂಡಿ ದಾರಿ ತಪ್ಪಿಸುತ್ತದೆ. ಲ್ಯಾಬಿನಲ್ಲಿ ಪರಿಚಯದ ಮೇಷ್ಟ್ರಿದ್ದರೆ ಅಲ್ಲೇ ಮಾಡಿಸುವುದು ಒಳ್ಳೆಯದು. ಮನೆಯಲ್ಲಿ ನಾನು ಬಳಸುವುದು ಆರ್‌ಒ ಮಾರಲು ಬರುವವರ ಕೈಯಲ್ಲಿರುವ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್. ಸೋಡಾ ನೀರಿನಲ್ಲಿ ಅದು ಕೆಲಸಕ್ಕೆ ಬಾರದು, ಯಾಕೆಂದರೆ ಸೋಡಾವೇ ಎಣಿಕೆಗೆ ಸಿಗುತ್ತದೆ. ಆದರೆ ಕೊನೆಯ ತೊಳೆತಕ್ಕೆ ಅದು ಸಾಕು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಮೀಟರ್ ಸೊನ್ನೆಯ ಹತ್ತಿರ ತೋರಿಸುತ್ತದೆ. ವಸ್ತುವನ್ನು ಅದರಲ್ಲಿಟ್ಟು ಎರಡು ದಿನ ಬಿಟ್ಟು ಅಳೆದರೆ ಅಂಕಿ ಏರಿರುತ್ತದೆ. ನೀರು ಬದಲಿಸುತ್ತಾ ಹೋಗಿ, ಏರುವುದು ನಿಂತಾಗ ನಿಲ್ಲಿಸುವುದು. ಮಳೆನೀರೂ ಆಗುತ್ತದೆ, ಮೊದಲ ಹತ್ತು ನಿಮಿಷದ ಮಳೆ ಧೂಳು ತೊಳೆಯಲಿ, ಆಮೇಲೆ ಬಯಲಲ್ಲೇ ಬಕೆಟ್ ಇಟ್ಟು ಹಿಡಿದದ್ದು. ಬೋರ್‌ವೆಲ್ ನೀರು ಮಾತ್ರ ಬೇಡ.

ವಿದ್ಯುತ್ ಹರಿಸಿ ತುಕ್ಕು ಬಿಡಿಸುವ ವಿಡಿಯೋಗಳನ್ನು ನೋಡಿ ಹುಡುಗ ಕುಣಿಯುತ್ತಿದ್ದ. ವಿಧಾನ ನಿಜವಾದದ್ದೇ. ಅದೇ ಸೋಡಾ ನೀರಿನಲ್ಲಿ ವಸ್ತುವಿಗೆ ಮೈನಸ್, ಸುತ್ತ ನಿಲ್ಲಿಸಿದ ಕಬ್ಬಿಣದ ತಗಡಿಗೆ ಪ್ಲಸ್. ತಂತಿ ಅದಲು ಬದಲಾದರೆ ಮೊಳೆಯೇ ಕರಗುತ್ತದೆ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಸಿಗುವ, ಕರೆಂಟು ಹೆಚ್ಚು ಕಡಿಮೆ ಮಾಡಲು ಬರುವ ಪವರ್ ಸಪ್ಲೈ ಇದ್ದರೆ ಒಳ್ಳೆಯದು; ಮೊಳೆಯಷ್ಟು ಸಣ್ಣದಕ್ಕೆ ಅರ್ಧ ಆಂಪಿಯರೂ ಬೇಡ. ತಗಡು ಗ್ರಿಲ್ ಅಂಗಡಿಯ ಮಾಮೂಲಿ ಕಬ್ಬಿಣದ್ದಾಗಿರಲಿ. ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯಬಹುದು. ಕರೆಂಟು ಹರಿಯಲಿ ಅಂತ ಉಪ್ಪು ಹಾಕುವವರೂ ಇದ್ದಾರೆ, ಅದರಿಂದ ಹೊರಡುವುದು ಕ್ಲೋರಿನ್ ಅನಿಲ. ಹೈಡ್ರೋಜನ್ ಗುಳ್ಳೆ ಏಳುವುದರಿಂದ ಕೋಣೆಯಲ್ಲಿ ಮಾಡುವಂತಿಲ್ಲ, ಬೀಡಿ ಹಚ್ಚಿಕೊಂಡು ಹತ್ತಿರ ಹೋಗುವಂತಿಲ್ಲ. ಇಷ್ಟೆಲ್ಲ ಸರಿಯಾಗಿದ್ದರೂ ನನಗೆ ಅದರ ಮೇಲೆ ಅಷ್ಟು ಪ್ರೀತಿಯಿಲ್ಲ. ತಿರುಳು ತೆಳುವಾಗಿದ್ದರೆ ಗುಳ್ಳೆಗಳು ಮೇಲಿನ ಪದರವನ್ನೇ ಕಿತ್ತು ಹಾಕುತ್ತವೆ, ಮತ್ತು ಆ ಪದರದಲ್ಲೇ ವಸ್ತುವಿನ ಮೂಲ ಆಕಾರ ಇರುವುದು. ಗಟ್ಟಿ ಲಂಗರಿಗೆ ಸರಿ. ನಮ್ಮ ಮೊಳೆಗೆ ಸೋಡಾ ಸ್ನಾನವೇ ಇರಲಿ ಅಂದೆ. ಹುಡುಗ ಮುಖ ಊದಿಸಿಕೊಂಡ.

ಫೆಬ್ರವರಿ ಕೊನೆಗೆ ಅಂಕಿ ಏರುವುದು ನಿಂತಿತು. ಮಳೆಗಾಲದಲ್ಲಿ ಒಣಗಿಸುವ ಪಾಡು ತಪ್ಪಿತೆಂದು ಖುಷಿಯಾಯಿತು. ಒಣಗಿಸುವುದೂ ಆತುರದ ಕೆಲಸವಲ್ಲ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒಂದು ದಿನ ಮುಳುಗಿಸಿದರೆ ಸಂದಿಯ ನೀರನ್ನೆಲ್ಲ ಅದು ಎಳೆದುಕೊಳ್ಳುತ್ತದೆ. ಆಮೇಲೆ ನೆರಳಿನ ಗಾಳಿಯಲ್ಲಿ, ಕೊನೆಗೆ ಬಿಸಿಲಿನಲ್ಲಿ.

ಒಣಗಿದ ಮೇಲೆ ಟ್ಯಾನಿಕ್ ಆಮ್ಲ ಬಳಿಯುವುದು. ನೂರು ಮಿಲಿ ನೀರಿಗೆ ಎರಡು ಮೂರು ಗ್ರಾಂ, ಬ್ರಷ್ಷಿನಲ್ಲಿ ಮೂರು ಕೈ, ಒಂದೊಂದಕ್ಕೂ ನಡುವೆ ಒಂದು ದಿನ ಬಿಡುವು. ಕಂದು ತುಕ್ಕು ಕಣ್ಣೆದುರೇ ನೀಲಿಗಪ್ಪಾಗುತ್ತದೆ. ಈ ಕಪ್ಪು ನಮಗೆ ಹೊಸದಲ್ಲ. ಅಳಲೆಕಾಯಿ ಕಷಾಯಕ್ಕೆ ಅಣ್ಣಭೇದಿ ಹಾಕಿ ಮಸಿ ಮಾಡುತ್ತಿದ್ದರಲ್ಲ, ಅಳಲೆಯಲ್ಲಿರುವುದು ಟ್ಯಾನಿನ್, ಅಣ್ಣಭೇದಿಯೆಂದರೆ ಕಬ್ಬಿಣದ ಸಲ್ಫೇಟು. ಶಾನುಭೋಗರ ಲೆಕ್ಕದ ಅಕ್ಷರವೂ ನಮ್ಮ ಮೊಳೆಯ ಬಣ್ಣವೂ ಒಂದೇ ರಸಾಯನ. ಹಾಗೆಂದು ಅಳಲೆ ಕುದಿಸಿ ಬಳಿಯಲು ಹೋಗಬೇಡಿ. ಕಷಾಯದ ಸಕ್ಕರೆ, ಅಂಟು ಬೂಷ್ಟಿಗೆ ಹಬ್ಬ. ರಸಾಯನದ ಅಂಗಡಿಯಿಂದ ಶುದ್ಧ ಪುಡಿ ತರುವುದೇ ಸರಿ. ಕೊನೆಯಲ್ಲಿ ಮೈಕ್ರೋಕ್ರಿಸ್ಟಲೈನ್ ಮೇಣ: ಹೇರ್ ಡ್ರೈಯರಿನಿಂದ ಮೊಳೆಯನ್ನು ಬೆಚ್ಚಗೆ ಮಾಡಿ, ಮೇಣ ಸವರಿ, ಹತ್ತಿ ಬಟ್ಟೆಯಲ್ಲಿ ತೀಡುವುದು. ಬೇಡವಾದರೆ ನಾಳೆ ಕರಗಿಸಿ ತೆಗೆಯಬಹುದು ಎನ್ನುವುದೇ ಅದರ ಹೆಚ್ಚುಗಾರಿಕೆ. ಕೊಬ್ಬರಿ ಎಣ್ಣೆ ಕಾಲ ಕಳೆದಂತೆ ಹುಳಿಯಾಗಿ, ಜಿಡ್ಡುಗಟ್ಟಿ, ಧೂಳು ಕೂರಿಸಿಕೊಳ್ಳುತ್ತದೆ.

ಈಗ ಆ ಹಸಿರು ಬಿಲ್ಲೆ. ಕನ್ನಡದಲ್ಲಿ ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಕಂಚಿಗೆ ಹಿಡಿಯುವುದು ಕಿಲುಬು. ಎರಡು ಕಾಯಿಲೆಗೆ ಎರಡು ಹೆಸರು ಇಟ್ಟವರು ಚೆನ್ನಾಗಿ ನೋಡಿಯೇ ಇಟ್ಟಿದ್ದಾರೆ. ಅಮ್ಮ ಅದನ್ನು ನೋಡಿದ್ದೇ, "ಒಂದು ಚೂರು ಹುಣಸೆಹಣ್ಣು ಹಾಕಿ ಉಜ್ಜೋ, ಫಳಫಳ ಅನ್ನತ್ತೆ. ಇದಕ್ಕೂ ಆರು ತಿಂಗಳು ಕೂತ್ಕೋತೀಯಾ?" ಅಂದರು. ದೇವರ ಮನೆಯ ದೀಪಕ್ಕೆ ಹುಣಸೆ ಸರಿ. ಅಲ್ಲಿ ಲೋಹ ಗಟ್ಟಿಯಾಗಿದೆ, ಕಿಲುಬು ಮೇಲೆ ತೆಳ್ಳಗೆ ಕೂತಿರುತ್ತದೆ. ಮಣ್ಣು, ಮರಳಿನಲ್ಲಿ ಬಿದ್ದ ನಾಣ್ಯದಲ್ಲಿ ಹಾಗಲ್ಲ. ಅಲ್ಲಿ ಲೋಹದ ಮೇಲ್ಪದರವೇ ಕಿಲುಬಾಗಿ ಬದಲಾಗಿರುತ್ತದೆ. ಅಕ್ಷರ, ಇಸವಿ, ಚಿತ್ರ ಉಳಿದಿರುವುದು ಆ ಹಸಿರಿನ ಒಳಗೆ. ಹುಳಿ ಹಾಕಿದರೆ ಹಸಿರಿನ ಜೊತೆ ಅಕ್ಷರವೂ ಕರಗಿ, ಕೈಗೆ ಸಿಗುವುದು ನುಣ್ಣನೆಯ ಕೆಂಪು ಬಿಲ್ಲೆ.

ಕಿಲುಬಿನಲ್ಲೂ ಎರಡು ಜಾತಿ. ಗಟ್ಟಿಯಾಗಿ, ನುಣುಪಾಗಿ, ಕಡುಹಸಿರಾಗಿದ್ದರೆ ಅದು ಲೋಹದ ಕವಚ, ಬಿಟ್ಟುಬಿಡಿ. ತಿಳಿಹಸಿರಿನ ಪುಡಿ ಅಲ್ಲಲ್ಲಿ ಚುಕ್ಕೆಯಾಗಿ, ಬೆರಳಿಗೆ ಅಂಟುವಂತೆ ಎದ್ದಿದ್ದರೆ ಅದು ರೋಗ. ಸಂರಕ್ಷಕರು ಅದನ್ನು ಕಂಚಿನ ರೋಗ ಎಂದೇ ಕರೆಯುತ್ತಾರೆ. ಅಲ್ಲೂ ಒಳಗೆ ಕೂತು ಕೆಲಸ ಮಾಡುವುದು ಕ್ಲೋರೈಡೇ. ಅನುಮಾನವಿದ್ದರೆ, ಒಣ ನಾಣ್ಯವನ್ನು ಒದ್ದೆ ಹತ್ತಿಯ ಜೊತೆ, ತಾಗದಂತೆ, ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಇಟ್ಟು ನೋಡಿ. ಹೊಸ ತಿಳಿಹಸಿರು ಚುಕ್ಕೆ ಮೂಡಿದರೆ ರೋಗ ಜೀವಂತ. ಇದಕ್ಕೆ ಔಷಧಿ ವಾಷಿಂಗ್ ಸೋಡಾ, ಅಡುಗೆ ಸೋಡಾ ಎರಡೂ ಸೇರಿದ ನೀರು: ಲೀಟರಿಗೆ ಪುಡಿ ವಾಷಿಂಗ್ ಸೋಡಾ 28 ಗ್ರಾಂ, ಅಡುಗೆ ಸೋಡಾ 22 ಗ್ರಾಂ. ವಾರಕ್ಕೊಮ್ಮೆ ಬದಲಿಸುತ್ತಾ ವಾರಗಟ್ಟಲೆ, ಹಟಮಾರಿ ನಾಣ್ಯಕ್ಕೆ ತಿಂಗಳುಗಟ್ಟಲೆ. ನಡುವೆ ಹಸಿರು ತುಸು ನೀಲಿಗೆ ತಿರುಗಬಹುದು, ಅದು ಈ ಸ್ನಾನದ ಅಡ್ಡಪರಿಣಾಮ. ಮ್ಯೂಸಿಯಮ್ಮುಗಳು ಇದಾದ ಮೇಲೆ ಬೆನ್ಜೋಟ್ರಯಜೋಲ್ ಎಂಬ ರಸಾಯನದಲ್ಲಿ ಅದ್ದುತ್ತವೆ. ಮೈಗೆ ಒಳ್ಳೆಯದಲ್ಲ, ಮನೆಗೆ ತರಬೇಡಿ.

ಐದು ವಾರದ ನಂತರ ಬಿದಿರು ಕಡ್ಡಿಯಿಂದ ಕೆರೆದಾಗ ಭೂತಗನ್ನಡಿಯಲ್ಲಿ ಮೊದಲು ಕಂಡದ್ದು 'ನ' ಅಕ್ಷರದ ನಾಗರಿ ಬಾಲ. ನಯಾ ಪೈಸೆ! 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಗಳು ಬಂದಾಗ ಒಂದು ನಯಾ ಪೈಸೆಯನ್ನು ಕಂಚಿನಲ್ಲೇ ಟಂಕಿಸಿದ್ದರು. 1964ರಲ್ಲಿ ಹೆಸರಿನ 'ನಯಾ' ಬಿದ್ದುಹೋಯಿತು. ಹಡಗಿನ ನಿಧಿಯ ಕನಸು ಕಂಡಿದ್ದ ಹುಡುಗನಿಗೆ ಬೇಜಾರಾಯಿತು. ಅಮ್ಮನಿಗೆ ಮಾತ್ರ ಖುಷಿ. ಅದೇ ಬಿಲ್ಲೆ ಕೊಟ್ಟು ಶಾಲೆಯ ಗೇಟಿನ ಹತ್ತಿರ ಏನೇನು ಕೊಳ್ಳುತ್ತಿದ್ದರು ಎನ್ನುವ ಪಟ್ಟಿ ಅರ್ಧ ಗಂಟೆ ಸಾಗಿತು.

ಉಳಿದ ಲೋಹಗಳದ್ದು ಸಣ್ಣ ಕತೆ. ಚಿನ್ನಕ್ಕೆ ಏನೂ ಆಗಿರುವುದಿಲ್ಲ, ಸೋಪಿನ ನೀರು ಸಾಕು. ಬೆಳ್ಳಿ ಕಪ್ಪಾಗಿದ್ದು ಒಳಗೆ ಗಟ್ಟಿಯಿದ್ದರೆ ಅಲ್ಯೂಮಿನಿಯಂ ಫಾಯಿಲ್, ವಾಷಿಂಗ್ ಸೋಡಾ, ಬಿಸಿನೀರಿನಲ್ಲಿ ಬೆಳ್ಳಗಾಗುತ್ತದೆ. ಬೂದು ಬಣ್ಣದ ದಪ್ಪ ಪದರ ಕಟ್ಟಿದ್ದರೆ ಮುಟ್ಟದಿರುವುದು ಲೇಸು. ಹಳೆಯ ಎರಡು, ಮೂರು, ಹತ್ತು ಪೈಸೆಯ ಅಲ್ಯೂಮಿನಿಯಂ ನಾಣ್ಯಗಳನ್ನು ಮಾತ್ರ ಮರೆತೂ ಸೋಡಾಕ್ಕೆ ಹಾಕಬೇಡಿ, ಕ್ಷಾರದಲ್ಲಿ ಅಲ್ಯೂಮಿನಿಯಂ ಕರಗಿಹೋಗುತ್ತದೆ. ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು ಒಣಗಿಸಿ. ದಡದಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಗುವುದು ಬಲೆಗೆ ಕಟ್ಟುವ ಸೀಸದ ಗುಂಡುಗಳು. ಬಿಳಿ ಪುಡಿ ಬಿಟ್ಟಿರುತ್ತವೆ, ಆ ಪುಡಿ ವಿಷ. ಮುಟ್ಟಿದ ಕೈಯಲ್ಲಿ ಚುರುಮುರಿ ತಿನ್ನಬಾರದು. ವಿನೆಗರ್ ಸೀಸವನ್ನು ತಿನ್ನುತ್ತದೆ, ಮರದ ಬೀರುವಿನೊಳಗಿನ ಗಾಳಿಯಲ್ಲಿರುವ ಆಮ್ಲಕ್ಕೂ ಆ ಗುಣವಿದೆ. ಹಾಗಾಗಿ ಸೀಸವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಡುವುದು ವಾಸಿ.

ಇಡುವ ಜಾಗದ ಮಾತು ಬಂತು. ಎಷ್ಟೇ ತೊಳೆದರೂ ಒಂದಿಷ್ಟು ಉಪ್ಪು ಉಳಿದೇ ಉಳಿಯುತ್ತದೆ. ಅದಕ್ಕೆ ತೇವ ಸಿಗದಂತೆ ನೋಡಿಕೊಳ್ಳಬೇಕು. ಬ್ರಿಸ್ಟಲ್ ಬಂದರಿನಲ್ಲಿ 1843ರ ಎಸ್‌.ಎಸ್. ಗ್ರೇಟ್ ಬ್ರಿಟನ್ ಎಂಬ ಕಬ್ಬಿಣದ ಹಡಗಿದೆ. ಅದರ ಅಡಿಭಾಗವನ್ನು ತೊಳೆದು ಮುಗಿಸಲಾಗದು ಎಂದು ಗೊತ್ತಾದ ಮೇಲೆ, ಸುತ್ತ ಗಾಜು ಮುಚ್ಚಿ, ಒಳಗಿನ ಗಾಳಿಯ ತೇವವನ್ನು ಯಂತ್ರಗಳಿಂದ ಶೇಕಡಾ 20ಕ್ಕೆ ಇಳಿಸಿ 2005ರಿಂದ ಕಾಪಾಡುತ್ತಿದ್ದಾರೆ. ನಮಗೆ ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಿ, ಒಂದು ಹಿಡಿ ಸಿಲಿಕಾ ಜೆಲ್, ಎಲೆಕ್ಟ್ರಾನಿಕ್ ಅಂಗಡಿಯ ಪುಟ್ಟ ತೇವಮಾಪಕ. ಬಣ್ಣ ಬದಲಿಸುವ ಜೆಲ್ಲಿನಲ್ಲಿ ನೀಲಿಯದಕ್ಕಿಂತ ಕಿತ್ತಳೆಯದ್ದು ವಾಸಿ, ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ. ಬಣ್ಣ ತಿರುಗಿದಾಗ ಓವನ್ನಿನಲ್ಲಿ ಹದವಾಗಿ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ.

ಮನೆಯಲ್ಲಿ ಆಗದ್ದು ಕೈಗೆ ಬಂದರೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್ ಎಂಬ ಸಂಸ್ಥೆ ನಡೆಸುವ ಕಲಾ ಸಂರಕ್ಷಣಾ ಕೇಂದ್ರವಿದೆ, ವೈಯಾಲಿಕಾವಲ್‌ನಿಂದ ಆಟೋದಲ್ಲಿ ಹತ್ತು ನಿಮಿಷ. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆಯಿದೆ. ಹೋಗುವಾಗ ವಸ್ತುವನ್ನು ಒರೆಸಿ, ಒಣಗಿಸಿ, ಚೆಂದ ಮಾಡಿಕೊಂಡು ಹೋಗಬೇಡಿ. ಒದ್ದೆಯಾಗಿ, ಕೊಳಕಾಗಿ, ಸಿಕ್ಕ ಹಾಗೇ ಒಯ್ಯಿರಿ.

ನಮ್ಮ ಮೊಳೆ ಈಗ ಡಬ್ಬಿಯಲ್ಲಿದೆ. ಒಳಗೆ ಒಂದು ಚೀಟಿ: ಸಿಕ್ಕ ದಿನ, ಜಾಗ, ತೂಕ, ಯಾವ ದಿನ ಯಾವ ನೀರು, ಮೇಣ ಯಾವುದು. ಹುಡುಗ ತನ್ನ ಅಕ್ಷರದಲ್ಲೇ ಬರೆದಿದ್ದಾನೆ. ಪಕ್ಕದಲ್ಲಿ ಇನ್ನೊಂದು ಗಾಜಿನ ಸೀಸೆ, ಅದರೊಳಗೆ ಹಳೆಯ ಕೊಂಡಿಯ ಚೂರುಗಳು. ಆಷಾಢ ಶುರುವಾಗಿ ಹನ್ನೊಂದು ದಿನ. ಹೊರಗೆ ಜಿಟಿಜಿಟಿ ಮಳೆ. ಸೀಸೆಯ ಚೂರುಗಳ ಮೇಲೆ ಕಿತ್ತಳೆ ಹನಿ ಎದ್ದಿವೆ. ಡಬ್ಬಿಯ ತೇವಮಾಪಕ ಬೆಳಗ್ಗೆ 18 ತೋರಿಸುತ್ತಿತ್ತು. ಮೊಳೆಯ ಮೈ ಒಣಗಿದೆ.